ಊರಿನ ಕೆರೆಯ ಕಾಗದಪತ್ರ ಯಾವ ಊರಿನಲ್ಲಿದೆ? ಪತ್ರಾಗಾರಗಳಲ್ಲಿ ಇತಿಹಾಸ ಹುಡುಕುವವರಿಗೊಂದು ಮಾರ್ಗದರ್ಶಿ

ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಕೆರೆಯನ್ನು ಕಟ್ಟಿಸಿದವರು ಯಾರು, ಅದರ ಏರಿ ಯಾವಾಗ ಒಡೆಯಿತು, ಮತ್ತೆ ಕಟ್ಟಲು ಹಣ ಎಲ್ಲಿಂದ ಬಂತು ಎಂದು ತಿಳಿಯಲು ಒಬ್ಬರು ಹೊರಟರು ಎಂದುಕೊಳ್ಳೋಣ. ಅವರು ಬೆಂಗಳೂರಿಗೆ ಬಂದು, ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಮೈಸೂರು ದಿವಾನರ ಕಾಲದ ಸೂಚಿಗಳನ್ನು ನಾಲ್ಕು ದಿನ ತಿರುವಿ ಹಾಕುತ್ತಾರೆ. ಹರಪನಹಳ್ಳಿಯ ಹೆಸರೇ ಸಿಗುವುದಿಲ್ಲ. ‘ನಮ್ಮ ಊರಿಗೆ ದಾಖಲೆಯೇ ಇಲ್ಲ’ ಎಂದು ತೀರ್ಮಾನಿಸಿ ಮನೆಗೆ ಮರಳುತ್ತಾರೆ. ಇಂಥವರನ್ನು ನಾನು ಹಲವು ಬಾರಿ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಅವರ ಶ್ರಮದಲ್ಲಿ ಕೊರತೆಯಿರಲಿಲ್ಲ, ದಿಕ್ಕು ತಪ್ಪಿತ್ತು. ದಾಖಲೆಗಳು ನೆಲದ ಜೊತೆಗೆ ಹೋಗುವುದಿಲ್ಲ. ಅವನ್ನು ಬರೆದ ಕಚೇರಿಯ ಜೊತೆಗೆ ಉಳಿಯುತ್ತವೆ. ಇಂದಿನ ಭೂಪಟವನ್ನು ಹಿಡಿದು ಪತ್ರಾಗಾರಕ್ಕೆ ಹೋದವರಿಗೆ ಅರ್ಧ ಕರ್ನಾಟಕದ ಚರಿತ್ರೆ ಸಿಗುವುದೇ ಇಲ್ಲ.

ಮೊದಲು ಆಳ್ವಿಕೆಯ ಪಟ್ಟಿ ಮಾಡಿಕೊಳ್ಳಿ

ಆದ್ದರಿಂದ ಮೊದಲ ಹೆಜ್ಜೆಯನ್ನು ಮನೆಯಲ್ಲಿಯೇ ಇಡಬೇಕು. ಒಂದು ಹಾಳೆಯಲ್ಲಿ ನಿಮ್ಮ ಊರು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾರ ಆಡಳಿತದಲ್ಲಿತ್ತು, ಯಾವ ಜಿಲ್ಲೆಗೆ ಸೇರಿತ್ತು ಎಂಬುದನ್ನು ಕ್ರಮವಾಗಿ ಬರೆದುಕೊಳ್ಳಿ. ಹರಪನಹಳ್ಳಿಯದನ್ನೇ ಬರೆದರೆ ಅದು ಹೀಗೆ ಕಾಣುತ್ತದೆ: ಮೊದಲು ಅಲ್ಲಿನ ಪಾಳೆಯಗಾರರು, 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಭಾಗವಾಗಿ ಥಾಮಸ್ ಮನ್ರೋನ ಆಡಳಿತ, 1808ರಲ್ಲಿ ಆ ಸೀಮೆ ಒಡೆದು ಬಳ್ಳಾರಿ ಜಿಲ್ಲೆಯಾದ ಮೇಲೆ ಮದರಾಸು ಸರ್ಕಾರದ ಕೆಳಗೆ ಸುಮಾರು ಒಂದೂವರೆ ಶತಮಾನ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆ, ಬಳಿಕ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. ಈ ಪಟ್ಟಿ ಕೈಯಲ್ಲಿದ್ದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ. 1860ರ ಕಾಗದ ಬೇಕಾದವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು, 1960ರದ್ದು ಬೇಕಾದವರು ಬೆಂಗಳೂರಿಗೆ ಮತ್ತು ಬಳ್ಳಾರಿಗೆ, 2000ನೆಯ ಇಸವಿಯದ್ದಾದರೆ ದಾವಣಗೆರೆಯ ಜಿಲ್ಲಾಧಿಕಾರಿ ಕಚೇರಿಯ ದಾಖಲೆ ಕೊಠಡಿಯನ್ನೂ ವಿಚಾರಿಸಬೇಕು.

ಕರ್ನಾಟಕದ ಪ್ರತಿಯೊಂದು ಭಾಗಕ್ಕೂ ಇಂಥ ಪಟ್ಟಿಯೊಂದಿದೆ. ಹಳೆಯ ಮೈಸೂರು ಸೀಮೆಯದು ತಕ್ಕಮಟ್ಟಿಗೆ ಸುಲಭ: 1799ರವರೆಗೆ ಟಿಪ್ಪು ಸುಲ್ತಾನ್, ಬಳಿಕ ಒಡೆಯರು, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು, ಆಮೇಲೆ ಮತ್ತೆ ಒಡೆಯರು ಮತ್ತು ಅವರ ದಿವಾನರು. ಇದರ ಬಹುಪಾಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿದೆ. ಅರಮನೆಗೆ ಸಂಬಂಧಿಸಿದ ಕಾಗದಪತ್ರಗಳಿಗಾಗಿ ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಯನ್ನು ಕೇಳಬೇಕು. ಸಂಗೀತಗಾರರು, ನಟರು ಮತ್ತು ಕಲಾವಿದರ ಬಗೆಗಿನ ಅರಮನೆಯ ದಾಖಲೆಗಳನ್ನು ಆರಿಸಿ ಆ ಕಚೇರಿಯೇ 1993ರಲ್ಲಿ ಅಚ್ಚು ಮಾಡಿಸಿದೆ. ಆದರೆ ಬೆಂಗಳೂರಿನ ದಂಡು ಪ್ರದೇಶ 1947ರವರೆಗೆ ಮಹಾರಾಜರ ಕೈಯಲ್ಲಿರಲಿಲ್ಲ, ಮೈಸೂರಿನಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ರೆಸಿಡೆಂಟರ ಆಡಳಿತದಲ್ಲಿತ್ತು. ಹಾಗಾಗಿ ಶಿವಾಜಿನಗರದ ಒಂದು ರಸ್ತೆಯ ಚರಿತ್ರೆಯನ್ನು ಹುಡುಕುವವರು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಮೈಸೂರು ರೆಸಿಡೆನ್ಸಿಯ ದಾಖಲೆಗಳನ್ನು ನೋಡಲೇಬೇಕು. ಕೊಡಗಿನವರಿಗೂ ಇದೇ ಮಾತು ಅನ್ವಯಿಸುತ್ತದೆ. 1834ರಲ್ಲಿ ಕಂಪನಿಯ ವಶವಾದ ಕೊಡಗನ್ನು 1881ರ ಬಳಿಕ ದಶಕಗಳ ಕಾಲ ಆಳಿದ ಮುಖ್ಯ ಕಮಿಷನರರೆಂದರೆ ಬೆಂಗಳೂರಿನ ರೆಸಿಡೆಂಟರೇ.

ಕರಾವಳಿಯವರು ಒಂದು ವರ್ಷವನ್ನು ನೆನಪಿನಲ್ಲಿಡಬೇಕು, ಅದು 1862. ಅಲ್ಲಿಯವರೆಗೆ ಮದರಾಸಿನ ಕೆಳಗಿದ್ದ ಉತ್ತರ ಕನ್ನಡವನ್ನು ಆ ವರ್ಷ ಮುಂಬಯಿಗೆ ಸೇರಿಸಲಾಯಿತು. ಕಾರವಾರದ 1850ರ ಕಾಗದ ಚೆನ್ನೈನಲ್ಲಿದ್ದರೆ 1870ರದ್ದು ಮುಂಬಯಿಯಲ್ಲಿರುತ್ತದೆ. ದಕ್ಷಿಣ ಕನ್ನಡ ಮಾತ್ರ 1956ರವರೆಗೂ ಮದರಾಸಿನದೇ. ಅದೇ ರೀತಿ ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು ಎಂಬುದು ಅಲ್ಲಿನ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ.

ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳು 1818ರಲ್ಲಿ ಪೇಶ್ವೆಯ ಪತನವಾದ ನಂತರ ಹಂತಹಂತವಾಗಿ ಕಂಪನಿಯ ಕೈಸೇರಿದವು. ಅವುಗಳ ಇಂಗ್ಲಿಷ್ ದಾಖಲೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿದೆ. ಅದಕ್ಕೂ ಹಿಂದಿನ ಮರಾಠಿ ಲೆಕ್ಕಪತ್ರ ಪುಣೆಯ ಪೇಶ್ವೆ ದಫ್ತರದಲ್ಲಿ (ಪೇಶ್ವೆಗಳ ದಾಖಲೆ ಸಂಗ್ರಹ), ಬಹುಮಟ್ಟಿಗೆ ಮರಾಠಿಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದೆ. ಬೀದರ್, ಕಲಬುರಗಿ, ರಾಯಚೂರುಗಳಿಗೆ ಸಂಬಂಧಿಸಿದ ನಿಜಾಮರ ಕಾಲದ ದಾಖಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಅಲ್ಲಿ ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಸಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗಗಳಂಥ ಸಣ್ಣ ಸಂಸ್ಥಾನಗಳ ಊರುಗಳಾದರೆ ಆ ಸಂಸ್ಥಾನದ ಮೇಲ್ವಿಚಾರಣೆ ನಡೆಸುತ್ತಿದ್ದ ಬ್ರಿಟಿಷ್ ಅಧಿಕಾರಿ ಯಾರು ಎಂಬುದನ್ನು ಮೊದಲು ಪತ್ತೆ ಮಾಡಿ, ಆತನ ಕಚೇರಿಯ ಕಾಗದವನ್ನು ಹಿಂಬಾಲಿಸಬೇಕು.

ಅಚ್ಚಾದದ್ದನ್ನು ಓದಿ ಮುಗಿಸಿದ ಮೇಲೆಯೇ ಅಚ್ಚಾಗದ್ದರ ಕಡೆಗೆ

ಎರಡನೆಯ ಹೆಜ್ಜೆಯಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಪತ್ರಾಗಾರದಲ್ಲಿ ಕಳೆಯುವ ಒಂದೊಂದು ದಿನಕ್ಕೂ ಪ್ರಯಾಣದ, ವಸತಿಯ ಖರ್ಚಿದೆ. ಮನೆಯಲ್ಲಿ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಬಹುದಾದದ್ದನ್ನು ಅಲ್ಲಿ ಕುಳಿತು ಓದಬಾರದು. ಶಾಸನಗಳಿಂದ ಆರಂಭಿಸಿ. ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಿಂದ ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳೂ ಇವೆ. ಬಳ್ಳಾರಿ ಮತ್ತು ಮುಂಬಯಿ ಕರ್ನಾಟಕದ ಶಾಸನಗಳಿಗೆ ಭಾರತೀಯ ಪುರಾತತ್ತ್ವ ಇಲಾಖೆಯ ದಕ್ಷಿಣ ಭಾರತ ಶಾಸನ ಸಂಪುಟಗಳನ್ನು ನೋಡಬೇಕು. ಕೆರೆಯ ಚರಿತ್ರೆ ಹುಡುಕುವವರು ಈ ಸಂಪುಟಗಳಲ್ಲಿ ಊರಿನ ಹೆಸರನ್ನು ಮಾತ್ರವಲ್ಲದೆ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳನ್ನೂ ಹುಡುಕಬೇಕು. ಕೆರೆ ಕಟ್ಟಿದವರಿಗೆ, ಅದನ್ನು ಕಾಯ್ದುಕೊಂಡವರಿಗೆ ಕೊಟ್ಟ ಭೂಮಿಯ ಹೆಸರುಗಳು ಇವು.

ಶಾಸನಗಳ ನಂತರ ಕೈಫಿಯತ್ತುಗಳು. ಟಿಪ್ಪುವಿನ ಪತನದ ಬಳಿಕ ಮೈಸೂರಿನ ಮೋಜಣಿ ನಡೆಸಿದ ಕಾಲಿನ್ ಮೆಕೆಂಝಿಯ ಸಹಾಯಕರು ಊರೂರು ತಿರುಗಿ ಸ್ಥಳೀಯರ ಬಾಯಿಂದ, ಅವರ ಮನೆಯ ಕಾಗದಗಳಿಂದ ಬರೆದುಕೊಂಡ ವೃತ್ತಾಂತಗಳಿವು. ಮೂಲ ಪ್ರತಿಗಳು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಲಂಡನ್ನಿನಲ್ಲಿಯೂ ಹಂಚಿಹೋಗಿವೆ; ಕನ್ನಡದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿದೆ. ಪಾಳೆಯಗಾರರ ಕಾಲದ ಕೆರೆಗಳ ಬಗೆಗೆ ಇವುಗಳಷ್ಟು ಹತ್ತಿರದ ಮಾತು ಬೇರೆ ಕಡೆ ಸಿಗುವುದು ಅಪರೂಪ. ಜಿಲ್ಲಾ ಗೆಜೆಟಿಯರುಗಳು, ಜನಗಣತಿ ವರದಿಗಳು, ವಾರ್ಷಿಕ ಆಡಳಿತ ವರದಿಗಳು ಇವುಗಳ ಜೊತೆಗೆ ಸೇರುತ್ತವೆ, ಇವುಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಹಳೆಯ ಮೈಸೂರಿನವರು 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳನ್ನು ಬಿಡಬಾರದು. ದಸರೆಯ ಹೊತ್ತಿಗೆ ಸೇರುತ್ತಿದ್ದ ಆ ಸಭೆಯಲ್ಲಿ ತಾಲ್ಲೂಕಿನ ಪ್ರತಿನಿಧಿಗಳು ಎದ್ದು ನಿಂತು ಕೇಳುತ್ತಿದ್ದುದು ಹೆಚ್ಚಾಗಿ ಕೆರೆ, ರಸ್ತೆ, ಶಾಲೆ, ಕಂದಾಯಗಳನ್ನೇ.

ಗುಮಾಸ್ತನ ಕಣ್ಣಿನಿಂದ ಯೋಚಿಸಿ

ಪತ್ರಾಗಾರದಲ್ಲಿ ‘ಕೆರೆಗಳು’ ಎಂಬ ಕಪಾಟು ಇರುವುದಿಲ್ಲ. ದಾಖಲೆಗಳನ್ನು ವಿಷಯದ ಪ್ರಕಾರ ಜೋಡಿಸಿರುವುದಿಲ್ಲ. ಯಾವ ಇಲಾಖೆ, ಯಾವ ವರ್ಷ ಬರೆಯಿತೋ ಆ ಕ್ರಮದಲ್ಲಿಯೇ ಇಟ್ಟಿರುತ್ತಾರೆ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಆ ಕಾಲದ ಗುಮಾಸ್ತನ ಪ್ರಶ್ನೆಯನ್ನಾಗಿ ತಿರುಗಿಸಿಕೊಳ್ಳಬೇಕು: ಈ ಕೆರೆಯಿಂದ ಸರ್ಕಾರಕ್ಕೆ ಯಾವ ತೊಂದರೆ ಬಂದಿತು, ಅದನ್ನು ಯಾವ ಮೇಜಿಗೆ ಕಳುಹಿಸಿದರು? ಕೆರೆ ಒಡೆದು ಗದ್ದೆ ಹಾಳಾಗಿ ರೈತರು ಕಂದಾಯ ಮಾಫಿ ಕೇಳಿದ್ದರೆ ಅದು ಕಂದಾಯ ಮಂಡಳಿಯ ನಡಾವಳಿಯಲ್ಲಿರುತ್ತದೆ. ಏರಿ ದುರಸ್ತಿಗೆ ಅಂದಾಜುಪಟ್ಟಿ ಸಿದ್ಧಪಡಿಸಿದ್ದರೆ ಲೋಕೋಪಯೋಗಿ ಇಲಾಖೆಯಲ್ಲಿ. ದೇವಸ್ಥಾನಕ್ಕೆ ಆ ಕೆರೆಯ ಕೆಳಗೆ ಮಾನ್ಯದ ಭೂಮಿ ಇದ್ದರೆ ಮೈಸೂರಿನಲ್ಲಿ ಮುಜರಾಯಿ ಕಡತಗಳಲ್ಲಿ. ಕೆರೆಯ ನೀರಿಗಾಗಿ ಎರಡು ಊರುಗಳ ನಡುವೆ ಹೊಡೆದಾಟವಾಗಿದ್ದರೆ ನ್ಯಾಯಾಲಯದ ಅಥವಾ ಪೊಲೀಸ್ ದಾಖಲೆಯಲ್ಲಿ. ಬರಗಾಲದ ಕಾಮಗಾರಿಯಾಗಿ ಕೂಲಿ ಕೊಟ್ಟು ಅಗೆಸಿದ್ದರೆ ಕ್ಷಾಮ ಪರಿಹಾರದ ಕಾಗದಗಳಲ್ಲಿ.

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಊರುಗಳಿಗೆ ಒಂದು ದಾಖಲೆಯನ್ನು ನಾನು ಎಲ್ಲಕ್ಕಿಂತ ಮೊದಲು ನೋಡಲು ಹೇಳುತ್ತೇನೆ: ಇನಾಂ ಭೂಮಿಗಳ, ಎಂದರೆ ಕಂದಾಯವಿಲ್ಲದೆ ಅಥವಾ ಕಡಿಮೆ ಕಂದಾಯಕ್ಕೆ ಬಿಟ್ಟುಕೊಟ್ಟ ಭೂಮಿಗಳ, ಹಕ್ಕನ್ನು ವಿಚಾರಿಸಲು 1858ರಲ್ಲಿ ಕೆಲಸ ಆರಂಭಿಸಿದ ಇನಾಂ ಕಮಿಷನ್ನಿನ ಫೇರ್ ರಿಜಿಸ್ಟರುಗಳು (ಅಂತಿಮ ವಹಿಗಳು). ಊರು ಊರಿಗೂ, ಇನಾಂ ಭೂಮಿ ಇನಾಂ ಭೂಮಿಗೂ ಒಂದೊಂದು ಸಾಲು. ಆ ಸಾಲಿನಲ್ಲಿ ಅದನ್ನು ಯಾರು ಕೊಟ್ಟರು, ಯಾವ ಕೆಲಸಕ್ಕಾಗಿ ಕೊಟ್ಟರು, ಮೊದಲು ಪಡೆದವರು ಯಾರು, ವಿಚಾರಣೆಯ ಹೊತ್ತಿಗೆ ಅನುಭವಿಸುತ್ತಿದ್ದವರು ಯಾರು, ಭೂಮಿ ಎಷ್ಟು ಎಂಬ ವಿವರ. ಬಳ್ಳಾರಿ ಸೀಮೆಯಲ್ಲಿ ದಶಬಂಧ ಇನಾಂ ಎಂಬ ಹೆಸರು ಕಂಡರೆ ಅಲ್ಲಿಯೇ ನಿಲ್ಲಿ. ಅದು ಕೆರೆಯನ್ನೋ ಬಾವಿಯನ್ನೋ ಕಟ್ಟಿದ ಅಥವಾ ದುರಸ್ತಿಯಲ್ಲಿಡುವ ಹೊಣೆ ಹೊತ್ತ ಮನೆತನಕ್ಕೆ ಕೊಟ್ಟ ಭೂಮಿ. ಶಾಸನದ ‘ದಶವಂದ’ವೇ ಇಲ್ಲಿ ಆಂಗ್ಲ ಲೆಕ್ಕದ ಅಂಕಣವೊಂದರಲ್ಲಿ ಕುಳಿತಿರುತ್ತದೆ. ಕೆರೆ ಕಟ್ಟಿದವರ ಹೆಸರು ಊರಿನವರ ನೆನಪಿನಿಂದ ಅಳಿಸಿಹೋಗಿದ್ದರೂ ಈ ಸಾಲಿನಲ್ಲಿ ಉಳಿದಿರುವ ಸಾಧ್ಯತೆ ಇದೆ.

ಸೂಚಿಗಳಲ್ಲಿ ಹುಡುಕುವಾಗ ಹೆಸರಿನ ಕಾಗುಣಿತದ ಬಗ್ಗೆ ಎಚ್ಚರ ಬೇಕು. ಇಂಗ್ಲಿಷ್ ದಾಖಲೆಗಳಲ್ಲಿ ಹರಪನಹಳ್ಳಿ ‘ಹರ್ಪನಹಳ್ಳಿ’ಯಾಗಿ, ಚಿತ್ರದುರ್ಗ ‘ಚಿಟಲ್‌ಡ್ರೂಗ್’ ಆಗಿ, ಹರಿಹರ ‘ಹರ್ರಿಹರ್’ ಆಗಿ ಬರುತ್ತವೆ. ಒಂದೇ ಕಡತದೊಳಗೆ ಮೂರು ಬಗೆಯ ಕಾಗುಣಿತ ಇರುವುದೂ ಉಂಟು. ಕಮಿಷನರುಗಳ ಕಾಲದ ಮೈಸೂರಿನ ಕಾಗದಗಳಲ್ಲಿ 1863ರಿಂದ ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳು ಕಾಣಿಸಿಕೊಳ್ಳುತ್ತವೆ. ತುಮಕೂರಿನ ಸಂಗತಿಯನ್ನು ನಂದಿದುರ್ಗ ವಿಭಾಗದಲ್ಲಿಯೂ ಶಿವಮೊಗ್ಗದ್ದನ್ನು ನಗರ ವಿಭಾಗದಲ್ಲಿಯೂ ಹುಡುಕಬೇಕು ಎಂಬುದು ತಿಳಿಯದಿದ್ದರೆ ಸೂಚಿ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಊರಿನ ಹೆಸರಿನ ಎಲ್ಲ ರೂಪಗಳನ್ನೂ, ಹೋಬಳಿಯ ಮತ್ತು ಹಳೆಯ ತಾಲ್ಲೂಕಿನ ಹೆಸರನ್ನೂ ಒಂದೆಡೆ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಈ ಎಲ್ಲ ರೂಪಗಳನ್ನೂ ಒಂದೊಂದಾಗಿ ಹಾಕಿ ನೋಡಿ. ದೆಹಲಿಗೆ ಹೋಗುವ ಅಗತ್ಯ ಇದೆಯೇ ಇಲ್ಲವೇ ಎಂಬುದು ಅಷ್ಟರಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ, ಹಲವು ಕಡತಗಳ ಪುಟಗಳು ಅಲ್ಲಿಯೇ ಓದಲು ಸಿಗುತ್ತವೆ.

ಅನುಮತಿ ಮತ್ತು ಓದುವ ಕೊಠಡಿ

ಹೊರಡುವ ಮೊದಲು ಪತ್ರಾಗಾರಕ್ಕೆ ಬರೆದು ಕೇಳಿ. ಸಂಶೋಧನೆಯ ವಿಷಯ, ಕಾಲಾವಧಿ, ನೋಡಬೇಕಾದ ಇಲಾಖೆಯ ದಾಖಲೆ ಇಷ್ಟನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ತಿಳಿಸಿ. ಗುರುತಿನ ಚೀಟಿಯ ಪ್ರತಿ, ಭಾವಚಿತ್ರ, ಕಾಲೇಜು ಅಥವಾ ಸಂಸ್ಥೆಯ ಪರಿಚಯ ಪತ್ರ ಜೊತೆಗಿರಲಿ. ಯಾವ ಸಂಸ್ಥೆಗೂ ಸೇರದ ಹವ್ಯಾಸಿ ಸಂಶೋಧಕರು ಪರಿಚಯ ಪತ್ರ ಯಾರಿಂದ ತರಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ಒಂದೊಂದು ಪತ್ರಾಗಾರದ ಕ್ರಮ ಒಂದೊಂದು ಬಗೆಯದು. ಛಾಯಾಚಿತ್ರ ತೆಗೆಯಲು ಬಿಡುತ್ತಾರೆಯೇ, ಪ್ರತಿಗೆ ಪುಟವೊಂದಕ್ಕೆ ಎಷ್ಟು, ಒಂದು ದಿನಕ್ಕೆ ಎಷ್ಟು ಕಡತ ಕೊಡುತ್ತಾರೆ, ಬೇಡಿಕೆ ಚೀಟಿಯನ್ನು ಯಾವ ಹೊತ್ತಿನೊಳಗೆ ಕೊಡಬೇಕು ಎಂಬ ನಾಲ್ಕು ಪ್ರಶ್ನೆಗಳನ್ನೂ ಆಗಲೇ ಕೇಳಿಬಿಡಿ. ಮೊದಲ ದಿನ ಪೂರ್ತಿ ಸೂಚಿಗಳಿಗೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಕನಿಷ್ಠ ಒಂದು ವಾರದ ಅವಕಾಶ ಇಟ್ಟುಕೊಳ್ಳುವುದು ಒಳ್ಳೆಯದು. ಪೆನ್ನು ಬೇಡ, ಪೆನ್ಸಿಲ್ ಇರಲಿ. ಪುಡಿಯಾಗುತ್ತಿರುವ ಅಂಚುಗಳ ಕಾಗದವನ್ನು ಮೇಜಿನ ಮೇಲಿಟ್ಟೇ ತಿರುವಬೇಕು, ಬೆರಳಿಗೆ ಎಂಜಲು ಹಚ್ಚಬಾರದು, ಬಿಚ್ಚಿದ ದಾರವನ್ನು ಬಿಚ್ಚುವ ಮೊದಲು ಇದ್ದ ಹಾಗೆಯೇ ಕಟ್ಟಬೇಕು. ದಾಖಲೆ ತಂದುಕೊಡುವ ಸಿಬ್ಬಂದಿಯೊಂದಿಗೆ ಗೌರವದಿಂದ ಮಾತಾಡಿ, ನಿಮ್ಮ ವಿಷಯವನ್ನು ಅವರಿಗೆ ವಿವರಿಸಿ. ಯಾವ ಕಟ್ಟು ಎಲ್ಲಿದೆ, ಯಾವ ಸಾಲಿನ ಪಕ್ಕ ಯಾವುದಿದೆ ಎಂಬುದು ಸೂಚಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕಡತ ಎಂಬ ಮಾತಿನ ಬಗ್ಗೆಯೇ ಒಂದು ಮಾತು. ನಮ್ಮ ಹಿಂದಿನವರ ಕಡತವೆಂದರೆ ಇದ್ದಿಲು ಮತ್ತು ಹುಣಸೆಬೀಜದ ಗಂಜಿ ಬಳಿದು ಕಪ್ಪಾಗಿಸಿದ ಬಟ್ಟೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬಿಳಿಯ ಅಕ್ಷರಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದೇ ಮಠದ ದಾಖಲೆಗಳ ನಡುವೆ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದದ್ದು. ಇಂದು ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೂ ನಾವು ಅದೇ ಹೆಸರು ಕೊಟ್ಟಿದ್ದೇವೆ.

ಸರ್ಕಾರಿ ಕಡತವನ್ನು ತೆರೆದಾಗ ಮೊದಲು ನೋಡಬೇಕಾದದ್ದು ಆದೇಶದ ತಲೆಯಲ್ಲಿರುವ ‘ಓದಲಾಗಿದೆ’ ಎಂಬ ಭಾಗ. ಇಂದಿಗೂ ಕರ್ನಾಟಕ ಸರ್ಕಾರದ ಆದೇಶಗಳ ಮೇಲ್ಭಾಗದಲ್ಲಿ ಈ ಮಾತು ಇದೆ. ಬ್ರಿಟಿಷರ ಕಾಲದ ಆದೇಶಗಳಲ್ಲಿಯೂ ಅದರ ಇಂಗ್ಲಿಷ್ ರೂಪ ಅಲ್ಲಿಯೇ ಇರುತ್ತಿತ್ತು. ಅದರ ಕೆಳಗೆ ಆ ಆದೇಶಕ್ಕೆ ಮೊದಲು ಪರಿಶೀಲಿಸಿದ ಎಲ್ಲ ಪತ್ರಗಳ ಸಂಖ್ಯೆ, ದಿನಾಂಕ, ಬರೆದವರ ಹುದ್ದೆ ಇರುತ್ತದೆ. ಕೆರೆ ದುರಸ್ತಿಗೆ ಮಂಜೂರಾತಿ ನೀಡಿದ ಒಂದು ಆದೇಶ ಸಿಕ್ಕರೆ, ‘ಓದಲಾಗಿದೆ’ಯಲ್ಲಿ ಕಲೆಕ್ಟರರ ಪತ್ರದ ಸಂಖ್ಯೆ ಸಿಗುತ್ತದೆ, ಆ ಪತ್ರವನ್ನು ತರಿಸಿದರೆ ಅದರಲ್ಲಿ ಎಂಜಿನಿಯರರ ವರದಿಯ ಉಲ್ಲೇಖ, ಆ ವರದಿಗೆ ರೈತರ ಅರ್ಜಿ ಲಗತ್ತಾಗಿರುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋದರೆ ಸರ್ಕಾರದ ಒಣ ಮಂಜೂರಾತಿಯಿಂದ ಊರಿನ ಜನರ ಮಾತಿನವರೆಗೆ ತಲುಪಬಹುದು. ನನ್ನ ಮಟ್ಟಿಗೆ ಪತ್ರಾಗಾರದ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಕೌಶಲ ಇನ್ನೊಂದಿಲ್ಲ.

ಟಿಪ್ಪಣಿ ಮಾಡಿಕೊಳ್ಳುವಾಗ ಪ್ರತಿ ಹಾಳೆಯ ತಲೆಯಲ್ಲಿ ಪತ್ರಾಗಾರದ ಹೆಸರು, ಇಲಾಖೆ, ಕಡತದ ಸಂಖ್ಯೆ, ವರ್ಷ, ಒಳಗಿನ ಕ್ರಮಸಂಖ್ಯೆ, ಪುಟ ಇಷ್ಟನ್ನೂ ಬರೆಯಿರಿ. ಸಂಖ್ಯೆಗಳು ಪ್ರತಿ ವರ್ಷವೂ ಒಂದರಿಂದ ಆರಂಭವಾಗುತ್ತವೆ. ವರ್ಷವಿಲ್ಲದ ಸಂಖ್ಯೆಯಿಂದ ಆ ಕಡತವನ್ನು ಮತ್ತೊಮ್ಮೆ ತರಿಸಲಾಗುವುದಿಲ್ಲ. ಛಾಯಾಚಿತ್ರ ತೆಗೆಯುವುದಾದರೆ ಮೊದಲ ಚಿತ್ರ ಕಡತದ ಹೊದಿಕೆಯದಾಗಿರಲಿ. ಮೂಲದ ಮಾತನ್ನು ಇದ್ದಂತೆಯೇ ಉದ್ಧರಣ ಚಿಹ್ನೆಯೊಳಗೆ ಬರೆದು, ನಿಮ್ಮ ಊಹೆಯನ್ನು ಬೇರೆ ಬಣ್ಣದಲ್ಲೋ ಬೇರೆ ಪುಟದಲ್ಲೋ ಇಡಿ. ನೋಡಿದರೂ ಏನೂ ಸಿಗದ ಕಡತಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ.

ವರ್ಷ, ಅಳತೆ, ಹಣ

ಹಳೆಯ ಕನ್ನಡ ಕಾಗದಗಳಲ್ಲಿ ದಿನಾಂಕ ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷಕ್ಕೆ 590 ಕೂಡಿಸಬೇಕು. ಕಂದಾಯದ ಲೆಕ್ಕದಲ್ಲಿ ಫಸಲಿ 1286 ಎಂದಿದ್ದರೆ ಅದು 1876-77. ಆದರೆ ಎಷ್ಟೋ ಕಾಗದಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ‘ಧಾತು ಸಂವತ್ಸರದಲ್ಲಿ ಕೆರೆ ಬತ್ತಿತು’ ಎಂದು ಓದಿದಾಗ ಅದು 1816 ಆಗಿರಬಹುದು, 1876 ಆಗಿರಬಹುದು, 1936 ಕೂಡ ಆಗಿರಬಹುದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಧಾತುವಿನ ಜೊತೆಗೆ ಮುಂದಿನ ಈಶ್ವರದ ಮಾತೂ ಬಂದು, ಜನ ಸತ್ತದ್ದರ, ಊರು ಬಿಟ್ಟದ್ದರ ಪ್ರಸ್ತಾಪವಿದ್ದರೆ ಅದು 1876-78ರ ಮಹಾ ಕ್ಷಾಮ ಎಂದು ಬಹುಮಟ್ಟಿಗೆ ಹೇಳಬಹುದು. ಆಗಲೂ ಕಾಗದದಲ್ಲಿ ಹೆಸರಿಸಿದ ಅಧಿಕಾರಿ ಆ ವರ್ಷ ಆ ಹುದ್ದೆಯಲ್ಲಿದ್ದನೇ ಎಂದು ಇನ್ನೊಂದು ಮೂಲದಿಂದ ಒರೆಹಚ್ಚಿ ನೋಡಬೇಕು.

ಭೂಮಿಯನ್ನು ಬಿತ್ತುವ ಬೀಜದ ಲೆಕ್ಕದಲ್ಲಿ ಹೇಳುತ್ತಿದ್ದರು: 20 ಕೊಳಗಕ್ಕೆ ಒಂದು ಖಂಡುಗ. ಅದನ್ನು ಎಕರೆಗೆ ನೇರವಾಗಿ ಪರಿವರ್ತಿಸಲು ಹೋಗಬೇಡಿ. ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ, ಸೀಮೆಯಿಂದ ಸೀಮೆಗೂ ಅದು ಬೇರೆ. ಹಣದ ಲೆಕ್ಕದಲ್ಲಿ 10 ಹಣಕ್ಕೆ ಒಂದು ಕಂಠೀರಾಯಿ ವರಹ. ರೂಪಾಯಿ ಬಂದ ಮೇಲೆ 16 ಆಣೆ, ಆಣೆಗೆ 12 ಪೈ. ಕೈಬರಹದ ವಿಷಯದಲ್ಲಿ ತಾಳ್ಮೆಯ ಹೊರತು ಬೇರೆ ಉಪಾಯವಿಲ್ಲ. ಪದಗಳ ನಡುವೆ ಅಂತರವಿಲ್ಲದೆ ಓಡುವ ಹಳೆಯ ಕನ್ನಡ ಬರಹವನ್ನು ಮೊದಲ ದಿನ ಓದಲಾಗದಿದ್ದರೂ, ಒಬ್ಬನೇ ಬರಹಗಾರನ ಹತ್ತು ಪುಟಗಳನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿದರೆ ಅವನ ಕೈ ಪರಿಚಯವಾಗುತ್ತದೆ. ಮೋಡಿಗೆ, ಪಾರಸಿಗೆ ಬಲ್ಲವರ ನೆರವು ಬೇಕು. ಕೆಳದಿಯ ವಸ್ತುಸಂಗ್ರಹಾಲಯದಂಥ ಕಡೆಗಳಲ್ಲಿ ಮೋಡಿ ದಾಖಲೆಗಳ ಜೊತೆಗೆ ಅವುಗಳನ್ನು ಓದುವ ಪರಂಪರೆಯೂ ಬೆಳೆದುಬಂದಿದೆ.

ಪತ್ರಾಗಾರದ ಹೊರಗೆ

1963ರ ಫೆಬ್ರವರಿಯಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗುವವರೆಗೆ ಊರಿನ ಲೆಕ್ಕ ಒಂದು ಮನೆಯಲ್ಲಿರುತ್ತಿತ್ತು. ಮೈಸೂರಿನಲ್ಲಿ ಶಾನುಭೋಗರು, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿಗಳು, ಬಳ್ಳಾರಿ ಸೀಮೆಯಲ್ಲಿ ಕರಣಂ. ಆ ಮನೆಗಳ ಅಟ್ಟದಲ್ಲಿ ಇಂದಿಗೂ ಗಂಟುಗಳಿವೆ. ಅವರ ಬಳಿ ಹೋಗುವಾಗ ಕಾಗದವನ್ನು ಕೊಂಡುಹೋಗುವ ಮಾತಾಡಬೇಡಿ. ಅವರ ಜಗಲಿಯಲ್ಲಿಯೇ ಕುಳಿತು, ಅವರ ಎದುರಿಗೇ ಚಿತ್ರ ತೆಗೆದು, ಒಂದು ಪ್ರತಿಯನ್ನು ಅವರಿಗೇ ಕೊಡಿ. ಭೂಮಿಯ ವ್ಯಾಜ್ಯದ ಭಯದಿಂದ ಕಾಗದ ತೋರಿಸಲು ಹಿಂಜರಿಯುವ ಕುಟುಂಬಗಳಿವೆ, ಆ ಭಯ ಸಕಾರಣವಾದದ್ದು. ಕರಾವಳಿಯವರಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ದಾಖಲೆಗಳಿವೆ. ಆ ಮಿಷನ್ನಿನವರು ತೆಗೆದ ಹಳೆಯ ಛಾಯಾಚಿತ್ರಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರ ಅಂತರಜಾಲದಲ್ಲಿ ನೋಡಲು ಬಿಟ್ಟಿದೆ. ಓಲೆಗರಿಗಳಿಗಾಗಿ 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗಳನ್ನು ಕೇಳಬಹುದು.

ಇನ್ನೂ ಪತ್ರಾಗಾರಕ್ಕೆ ಹೋಗದೆ ತಾಲ್ಲೂಕು ಕಚೇರಿಯಲ್ಲಿಯೇ ಉಳಿದ ದಾಖಲೆಗಳು ಬಹಳ. ಕೆರೆಯ ವಿಸ್ತೀರ್ಣಕ್ಕೆ ಮೂಲ ಸರ್ವೆಯ ಟಿಪ್ಪಣಿ (ಅಳತೆಯ ವಿವರ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯಗಳ ಪಟ್ಟಿ) ಮತ್ತು ಗ್ರಾಮನಕ್ಷೆ ಬೇಕು. ಕೆರೆಯಂಗಳ ಕರಾಬು (ಸಾಗುವಳಿಗೆ ಸಲ್ಲದ ನೆಲ) ಎಂದು ಎಷ್ಟು ಎಕರೆ ದಾಖಲಾಗಿತ್ತು, ಈಗ ಎಷ್ಟು ಉಳಿದಿದೆ ಎಂಬುದು ಈ ಮೂರರಿಂದ ತಿಳಿಯುತ್ತದೆ. ಕೇಳಿದಾಗ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 20 ವರ್ಷಕ್ಕೂ ಹಿಂದಿನ ಘಟನೆಗಳ ಮಾಹಿತಿಯನ್ನು ಕೆಲವೇ ವಿನಾಯಿತಿಗಳ ಹೊರತು ಕೊಡಬೇಕೆಂದು ಅದರ 8(3)ನೆಯ ಕಲಂ ಹೇಳುತ್ತದೆ. ‘ಕೆರೆಗೆ ಸಂಬಂಧಿಸಿದ ಎಲ್ಲ ದಾಖಲೆ’ ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಸರ್ವೆ ನಂಬರು, ಗ್ರಾಮ, ದಾಖಲೆಯ ಹೆಸರು, ವರ್ಷ ನಮೂದಿಸಿ ಒಂದೊಂದೇ ಕೇಳಿ. ಅದಕ್ಕೂ ಮೊದಲು ದಾಖಲೆ ಕೊಠಡಿಯ ಸೂಚಿ ವಹಿಯನ್ನು ಪರಿಶೀಲಿಸಲು ಅವಕಾಶ ಕೇಳಿದರೆ ಇನ್ನೂ ಒಳ್ಳೆಯದು.

ಸಿಕ್ಕ ಕಾಗದ ಹೇಳಿದ್ದೆಲ್ಲ ಹಾಗೆಯೇ ನಡೆದದ್ದೆಂದು ನಂಬುವಂತಿಲ್ಲ. ಮಾಫಿ ಕೇಳುವ ಅರ್ಜಿ ನಷ್ಟವನ್ನು ಹೆಚ್ಚಿಸಿ ಹೇಳುತ್ತದೆ, ಕಂದಾಯ ಅಧಿಕಾರಿಯ ವರದಿ ಅದನ್ನು ತಗ್ಗಿಸುತ್ತದೆ, ಇನಾಂ ವಿಚಾರಣೆಯ ಎದುರು ನಿಂತ ಮನೆತನ ತನ್ನ ಹಕ್ಕನ್ನು ಸಾಧ್ಯವಾದಷ್ಟು ಹಿಂದಕ್ಕೆ ಒಯ್ಯುತ್ತದೆ. ಏರಿಗೆ ಮಣ್ಣು ಹೊತ್ತವರ, ತೂಬು ಕಾಯುತ್ತಿದ್ದ ನೀರುಗಂಟಿಯ, ಕೂಲಿ ಹೆಂಗಸರ ಹೆಸರು ಇವುಗಳಲ್ಲಿ ವಿರಳ. ಅವರ ಸಂಗತಿಗೆ ಊರಿನ ಹಿರಿಯರ ಬಳಿ ಕುಳಿತು ಕೇಳಿ, ದಿನಾಂಕ ಹಾಕಿ ಬರೆದುಕೊಳ್ಳಬೇಕು.

ಕೊನೆಯದಾಗಿ, ಬೇಡಿಕೆ ಚೀಟಿ ‘ಸಿಗುತ್ತಿಲ್ಲ’ ಎಂಬ ಷರಾದೊಂದಿಗೆ ಮರಳಿ ಬಂದಾಗ ಮಾಡಬೇಕಾದದ್ದು. ಒಂದು ಪತ್ರಕ್ಕೆ ಒಂದೇ ಪ್ರತಿ ಇರುತ್ತಿರಲಿಲ್ಲ. ಬಳ್ಳಾರಿಯ ಕಲೆಕ್ಟರರು ಹರಪನಹಳ್ಳಿಯ ಕೆರೆಯ ಬಗ್ಗೆ ಬರೆದ ಪತ್ರದ ಕಚೇರಿ ಪ್ರತಿ ಜಿಲ್ಲೆಯಲ್ಲಿ ಉಳಿಯುತ್ತಿತ್ತು. ಮೂಲ ಪತ್ರ ಮದರಾಸಿನ ಕಂದಾಯ ಮಂಡಳಿಗೆ ಹೋಗುತ್ತಿತ್ತು. ವಿಷಯ ದೊಡ್ಡದಾಗಿದ್ದರೆ ಮಂಡಳಿ ಅದನ್ನು ಸರ್ಕಾರಕ್ಕೆ ಕಳುಹಿಸುತ್ತಿತ್ತು. ಪ್ರಾಂತ್ಯ ಸರ್ಕಾರದ ನಡಾವಳಿಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು, ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಳ್ಳಾರಿಯಲ್ಲಿ ಗೆದ್ದಲು ತಿಂದ ಪತ್ರವನ್ನು ಎಗ್ಮೋರಿನಲ್ಲಿ ಮಂಡಳಿಯ ನಡಾವಳಿಯ ದಿನಾಂಕ ಹಿಡಿದು ಕೇಳಿ. ಅಲ್ಲಿಯೂ ಇಲ್ಲವಾದರೆ ಅದೇ ದಿನಾಂಕವನ್ನು ಬರೆದು ಲಂಡನ್ನಿನ ಗ್ರಂಥಾಲಯಕ್ಕೆ ಪ್ರತಿಗಾಗಿ ವಿಚಾರಿಸಿ. ಚೀಟಿಯ ಹಿಂಬದಿಯಲ್ಲಿ ಆ ದಿನಾಂಕವನ್ನು ಬರೆದುಕೊಳ್ಳದೆ ಕೊಠಡಿಯಿಂದ ಹೊರಗೆ ಬರಬೇಡಿ.